ಬಿಸಿಯ ಮುಳ್ಳು

ನಮ್ಮ ತಂದೆಯವರು ನನಗೆ ಬಿಟ್ಟುಹೋದ ಆಸ್ತಿ ಎರಡು: 1968ರ ಅಂಬಾಸಡರ್ ಕಾರು, ಮತ್ತು ಅದರ ಕಾಯಿಲೆಗಳನ್ನು ಪತ್ತೆಹಚ್ಚುವ ಮೂಗು. ಆ ಕಾರಿನಲ್ಲಿ ವೇಗ ತೋರಿಸುವ ಮುಳ್ಳುಂಟು, ಪೆಟ್ರೋಲು ತೋರಿಸುವ ಮುಳ್ಳುಂಟು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಾತ್ರ ನಾನು ಬಲ್ಲಾಗಿನಿಂದ ಇಲ್ಲ. ತಂದೆಯವರಿಗೆ ಅದು ಬೇಕಾಗಿಯೂ ಇರಲಿಲ್ಲ. ಘಟ್ಟ ಹತ್ತುವಾಗ ಪಕ್ಕದ ಮೂರು ಮೂಲೆಯ ಗಾಜನ್ನು ತೆರೆದು, ಒಮ್ಮೆ ಮೂಸಿ, "ಸ್ವಲ್ಪ ನಿಲ್ಲಿಸೋಣ" ಎನ್ನುವರು. ಬಾನೆಟ್ಟು ಎತ್ತಿದರೆ ರೇಡಿಯೇಟರು ಕುದಿಯಲು ಇನ್ನೆರಡು ನಿಮಿಷ ಉಳಿದಿರುತ್ತಿತ್ತು. ಬೆಂದ ರಬ್ಬರು, ಕಾದ ಎಣ್ಣೆ, ಹಬೆ ಇವುಗಳನ್ನು ಅವರು ಒಗ್ಗರಣೆಯಲ್ಲಿ ಇಂಗು ಸಾಸಿವೆಗಳನ್ನು ಗುರುತಿಸುವಷ್ಟು ಸುಲಭವಾಗಿ ಬೇರೆಬೇರೆ ಮಾಡುತ್ತಿದ್ದರು. ಪಕ್ಕದಲ್ಲಿ ಕುಳಿತು ಕುಳಿತು ನನಗೂ ಆ ವಿದ್ಯೆ ಹತ್ತಿತು.

2021ರ ಜ್ವರದಲ್ಲಿ ಆ ಮೂಗು ಹೋಯಿತು. ಜ್ವರ ಬಿಟ್ಟಿತು, ಉಸಿರು ಸರಿಯಾಯಿತು. ವಾಸನೆ ಮಾತ್ರ ಮರಳಲಿಲ್ಲ. ಊಟ ಸಪ್ಪೆಯಾದುದನ್ನು ಹೇಗೋ ಸಹಿಸಿಕೊಂಡೆ. ಆದರೆ ಒಂದು ದಿನ ತುಮಕೂರು ರಸ್ತೆಯಲ್ಲಿ ಎಂಜಿನ್ನು ಕುದಿದು, ಹೆಡ್ ಗ್ಯಾಸ್ಕೆಟ್ಟು ಸುಟ್ಟು, ಹಬೆ ಬಂದು ಗಾಜನ್ನು ಮುಚ್ಚುವವರೆಗೂ ನಾನು ಹಾಯಾಗಿ ಕಾರು ನಡೆಸುತ್ತಿದ್ದೆ! ತಂದೆಯವರು ಇದನ್ನು ನೋಡಲು ಇಲ್ಲದುದೇ ಒಳ್ಳೆಯದಾಯಿತೆಂದು ಒಂದು ಗಳಿಗೆ ಅನ್ನಿಸಿತು. ಹಾಗನ್ನಿಸಿದುದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ಆದುದರಿಂದ ಜೆ.ಸಿ. ರಸ್ತೆಗೆ ಹೋಗಿ ಟೆಂಪರೇಚರ್ ಮೀಟರೊಂದನ್ನು ಕೊಂಡುತಂದೆ. ವಿದ್ಯುತ್ತಿನದಲ್ಲ, ಹಳೆಯ ಜಾತಿಯದು. ಎಂಜಿನ್ನಿನ ನೀರಿನಲ್ಲಿ ಮುಳುಗಿರಬೇಕಾದ ಪುಟ್ಟ ಲೋಹದ ಬುಡ್ಡಿ. ಅದರೊಳಗೆ ಈಥರಿನಂಥ ಬೇಗ ಆವಿಯಾಗುವ ದ್ರವ. ಅಲ್ಲಿಂದ ಮೀಟರಿನವರೆಗೆ ಕೂದಲೆಳೆಯಷ್ಟೇ ರಂಧ್ರವಿರುವ ತಾಮ್ರದ ಕೊಳವೆ. ನೀರು ಕಾದಂತೆಲ್ಲ ಆವಿಯ ಒತ್ತಡ ಹೆಚ್ಚಿ, ಮೀಟರಿನೊಳಗೆ ಬಾಗಿ ಕುಳಿತಿರುವ ಚಪ್ಪಟೆ ಕೊಳವೆ ನೆಟ್ಟಗಾಗಲು ನೋಡುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿಯ ಹಾಗೆ. ಮುಳ್ಳು ಏಳುತ್ತದೆ. ಫ್ರಾನ್ಸಿನ ಬೂರ್ದೋನ್ ಎಂಬಾತ 1849ರಲ್ಲಿ ಪೇಟೆಂಟು ಪಡೆದ ಉಪಾಯವಿದು. ಕೊಳವೆ ಉದ್ದವಾಯಿತೆಂದು ಕತ್ತರಿಸಿದರೆ ಮುಗಿಯಿತು, ಪ್ರಾಣ ಹೋದಂತೆಯೇ. ಹೆಚ್ಚಾದುದನ್ನು ಚಕ್ಕುಲಿಯಂತೆ ಸುತ್ತಿ ಬಿಡಬೇಕು. ಎಂಜಿನ್ನಿನ ನಡುಕವನ್ನೂ ಆ ಚಕ್ಕುಲಿಯೇ ನುಂಗಿಕೊಳ್ಳುತ್ತದೆ.

ಮೇಸ್ತ್ರಿ ನೀರು ಬಸಿದು, ಸಿಲಿಂಡರ್ ಹೆಡ್ಡಿಗೆ ಬುಡ್ಡಿ ಕೂರಿಸಿ, ಡ್ರಿಲ್ಲು ಹಿಡಿದು ಬಂದ.

"ಸಾರ್, ಡ್ಯಾಶ್‌ಬೋರ್ಡಲ್ಲಿ ಎಲ್ಲಿ ತೂತು ಹೊಡೀಲಿ?"

ಮೀಟರಿನ ಮೈ 52 ಮಿಲಿಮೀಟರು. ತಂದೆಯವರು ಭಾನುವಾರ ಭಾನುವಾರ ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದ ತಗಡಿನಲ್ಲಿ ಅಷ್ಟು ದೊಡ್ಡ ತೂತು!

"ತೂತು ಬೇಡಪ್ಪ."

"ಹಳೇ ಗಾಡಿ ಸಾರ್, ಯಾರು ನೋಡ್ತಾರೆ?"

ಯಾರು ನೋಡುತ್ತಾರೆಂದು ಅವನಿಗೆ ಹೇಗೆ ಹೇಳಲಿ? ಕೊನೆಗೆ ಒಂದು ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ಡ್ಯಾಶ್‌ಬೋರ್ಡಿನ ಕೆಳಗಿದ್ದ ಹಳೆಯ ಸ್ಕ್ರೂವಿಗೇ ತೂಗುಹಾಕಿದ್ದಾಯಿತು. ಎಂಜಿನ್ನಿಗೂ ನಮಗೂ ನಡುವಿನ ತಗಡಿನಲ್ಲಿ ಮಾತ್ರ ತೂತು ತಪ್ಪಲಿಲ್ಲ. ಅದು ಕಣ್ಣಿಗೆ ಬೀಳುವುದಿಲ್ಲವೆಂದು ಸಮಾಧಾನ.

ಮೊದಲ ದಿನ ಮುಳ್ಳು 60 ಡಿಗ್ರಿ ದಾಟಲೇ ಇಲ್ಲ. ವಿಚಾರಿಸಿದರೆ, ನಮ್ಮ ಬಿಸಿಲಿನ ದೇಶಕ್ಕೇಕೆಂದು ಯಾವನೋ ಪುಣ್ಯಾತ್ಮ ಥರ್ಮೋಸ್ಟಾಟನ್ನು ಎಂದೋ ಕಿತ್ತೆಸೆದಿದ್ದ. ಹೊಸದು ಹಾಕಿಸಿದ ಮೇಲೆ 82ರ ಆಸುಪಾಸಿನಲ್ಲಿ ನಿಂತಿತು. ಆಮೇಲೆ ನನ್ನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಅಲ್ಲೇ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ನೀರು 97ಕ್ಕೇ ಕುದಿಯುತ್ತದೆ, ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಅದಕ್ಕೂ ಮೇಲಕ್ಕೆ ತಾಳಿಕೊಳ್ಳುತ್ತದೆ ಎಂದೆಲ್ಲ ಮನೆಯಾಕೆಗೆ ವಿವರಿಸಿದೆ. "ಮುಂದೆ ಬಸ್ಸಿದೆ, ಅದನ್ನ ನೋಡ್ರೀ" ಎಂದಳು.

ಹೋದ ವರ್ಷ ಧರ್ಮಸ್ಥಳದಿಂದ ಹಿಂದಿರುಗುತ್ತ ಚಾರ್ಮಾಡಿ ಘಟ್ಟ ಹತ್ತುತ್ತಿದ್ದೆವು. ಮುಳ್ಳು 90, 95 ಎಂದು ಏರಿತು. ನನ್ನ ಎದೆಯೂ ಅದರೊಡನೆ. ಮತ್ತೊಂದು ತಿರುವು ಕಳೆಯುವಷ್ಟರಲ್ಲಿ ತಾನಾಗಿ ಇಳಿಯತೊಡಗಿತು. "ನೋಡು, ಘಟ್ಟದ ಗಾಳಿಗೆ ಹೇಗೆ ತಣ್ಣಗಾಯಿತು!" ಎಂದೆ.

"ಏನೋ ವಾಸನೆ ಬರ್ತಿದೆ ರೀ."

"ಮುಳ್ಳು 70ರಲ್ಲಿದೆಯಲ್ಲೇ."

"ನಿಮ್ಮ ಮುಳ್ಳಿಗೂ ನೆಗಡಿಯಾಗಿರ್ಬೇಕು. ಮೊದಲು ನಿಲ್ಲಿಸಿ."

ಅವಳ ದನಿಗೆ ಹೆದರಿ ನಿಲ್ಲಿಸಿದೆ. ಕೆಳಗಿನ ರಬ್ಬರ್ ಪೈಪು ಬಿರಿದು ನೀರೆಲ್ಲ ಬರಿದಾಗಿತ್ತು. ಬುಡ್ಡಿ ಬಲ್ಲದ್ದು ನೀರಿನ ಬಿಸಿಯನ್ನು. ನೀರೇ ಇಲ್ಲದ ಮೇಲೆ ಅದು ಬರಿಯ ಗಾಳಿಯ ಸುದ್ದಿ ಹೇಳುತ್ತಿತ್ತು. ಇನ್ನೊಂದು ಫರ್ಲಾಂಗು ಹೋಗಿದ್ದರೆ ಎಂಜಿನ್ನು ಕಚ್ಚಿಕೊಳ್ಳುತ್ತಿತ್ತು.

ಕಾದ ಹೆಡ್ಡಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಒಂದು ಗಂಟೆ ಮೋರಿಯ ಕಟ್ಟೆಯ ಮೇಲೆ ಕುಳಿತೆವು. ಲಾರಿಯವರೊಬ್ಬರು ನಿಲ್ಲಿಸಿ, ಪೈಪಿಗೆ ಟೇಪು ಬಿಗಿದು, ಎರಡು ಕ್ಯಾನು ನೀರೂ ಕೊಟ್ಟುಹೋದರು.

"ವಾಸನೆ ಹೇಗಿತ್ತು?" ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. "ಬೆಲ್ಲದ ಪಾಕ ಹೊತ್ತಿದ ಹಾಗೆ. ಅದರ ಹಿಂದೆ ರಬ್ಬರು."

ಪಾಕದ ವಾಸನೆ ನಾವು ಈಗ ಹಾಕುವ ಕೂಲೆಂಟಿನದು. ತಂದೆಯವರು ಕೊಳಾಯಿಯ ನೀರನ್ನೇ ಹಾಕುತ್ತಿದ್ದರು. ಈ ವಾಸನೆ ಅವರ ಪಟ್ಟಿಯಲ್ಲಿ ಇರಲಿಲ್ಲ. ಇನ್ನೇನೇನು ಬಂತೆಂದು ನಾನು ಕೇಳುತ್ತ ಹೋದೆ, ಅವಳು ಹೇಳುತ್ತ ಹೋದಳು.

ಮತ್ತೆ ಹೊರಟಾಗ, ನಾನು ಹೇಳದೆಯೇ, ಅವಳು ತನ್ನ ಕಡೆಯ ಮೂರು ಮೂಲೆಯ ಗಾಜನ್ನು ತೆರೆದಿಟ್ಟಳು.