ಏಳೂವರೆ ವರ್ಷದ ಲೆಕ್ಕ

ಸಾಡೇಸಾತಿ ಶನಿಯ ನಡಿಗೆಯ ಲೆಕ್ಕ. ಆಕಾಶವನ್ನು ಒಂದು ಸುತ್ತು ಬರಲು ಶನಿಗೆ ಸುಮಾರು 29.5 ವರ್ಷ ಬೇಕು. ರಾಶಿಗೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ ವರ್ಷ ಏರುಪೇರಿನ ಕಾಲವೆಂದು ನಂಬಿಕೆ. ಬೈಲಹೊಂಗಲ, ಸವದತ್ತಿ ಕಡೆ ಬೋರು ಬತ್ತಲಿ, ಲಗ್ನ ಮುರಿಯಲಿ, ‘ಸಾಡೇಸಾತಿ ನಡದೈತಿ’ ಎಂದರೆ ಮುಂದೆ ಕೇಳುವವರಿಲ್ಲ.

ಹನ್ನೆರಡು ರಾಶಿಗಳಲ್ಲಿ ಮೂರಕ್ಕೆ ಈ ಕಾಟ ಯಾವತ್ತೂ ಇದ್ದದ್ದೇ. ಅಷ್ಟಮ ಶನಿ, ನಾಲ್ಕನೆಯ ಮನೆಯ ಶನಿ ಕೂಡಿಸಿದರೆ ಐದಕ್ಕೆ. ಅಂದರೆ ಬೈಲಹೊಂಗಲದ ಪೇಟೆಗೆ ಹತ್ತಿ ತಂದು ನಿಂತ ಹನ್ನೆರಡು ರೈತರಲ್ಲಿ ಸರಾಸರಿ ಐವರ ಹೆಗಲ ಮೇಲೆ ಶನಿ. ದರ ಬಿದ್ದರೆ ಮಾತ್ರ ಹನ್ನೆರಡೂ ಮಂದಿಗೆ ಬೀಳುತ್ತದೆ. ಉಳಿದ ಏಳು ಜನರ ಮಾತೇನು ಎಂಬ ತಕರಾರಿಗೆ ಪಂಚಾಂಗ ಬಾಯಿ ಬಿಡುವುದಿಲ್ಲ.

ಹಿಂದಿನದಕ್ಕೆ ಚಕ್ರ ಹೊಂದಿಸುವುದು ಸುಲಭ. ಕಿತ್ತೂರಿನ ಮಲ್ಲಸರ್ಜ ದೇಸಾಯಿ ತೀರಿಕೊಂಡದ್ದು 1816ರಲ್ಲಿ, ಮಗ ಶಿವಲಿಂಗರುದ್ರಸರ್ಜ 1824ರಲ್ಲಿ. ನಡುವೆ ಸುಮಾರು ಎಂಟು ವರ್ಷ. ಏಳೂವರೆಗೆ ಎಳೆದು ಕೂಡಿಸಬಹುದು. ಆದರೆ ಮಲ್ಲಸರ್ಜನ ಹೆಂಡತಿ ಚೆನ್ನಮ್ಮನ ಬದುಕು ಬುಡಮೇಲಾದದ್ದು ಗಾದಿಗೆ ತೆಗೆದುಕೊಂಡ ದತ್ತಕವನ್ನು ಕಂಪನಿ ಸರ್ಕಾರ ಒಪ್ಪದ್ದರಿಂದ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಬಿದ್ದ. ಡಿಸೆಂಬರಿನಲ್ಲಿ ಕೋಟೆಯೇ ಬಿತ್ತು. 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಕಣ್ಣುಮುಚ್ಚಿದಳು. ಈಗ ಕಿತ್ತೂರು ಉತ್ಸವ ಅಕ್ಟೋಬರ್ 23ಕ್ಕೆ ಶುರುವಾಗುತ್ತದೆ. ಹೀಗಾಗಿ ಕಿತ್ತೂರು ವರ್ಷವರ್ಷವೂ ಗೆಲ್ಲುತ್ತದೆ. ಡಿಸೆಂಬರಿಗೆ ಪೆಂಡಾಲು ಹಾಕುವವರಿಲ್ಲ.

ಮಲಪ್ರಭೆಯದು ಬೇರೆಯೇ ವರಸೆ. ಮಳೆ ಹೊಡೆಯುವುದು ಖಾನಾಪುರದ ಕಣಕುಂಬಿ ಕಾಡಿನಲ್ಲಿ, ನೀರು ನುಗ್ಗುವುದು ರಾಮದುರ್ಗದ ಓಣಿಗೆ. ನಡುವೆ ನವಿಲುತೀರ್ಥದ ಅಣೆಕಟ್ಟಿದೆ. 2019ರ ಆಗಸ್ಟಿನಲ್ಲಿ ಹೊಳೆ ಮನೆಯೊಳಗೆ ಬಂದಾಗ ಯಾರ ರಾಶಿಯನ್ನೂ ಕೇಳಲಿಲ್ಲ.

ತಪ್ಪದೆ ತಿರುಗುವ ಚಕ್ರ ಇರುವುದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮನ ಗಂಡ ಜಮದಗ್ನಿ ಸತ್ತ ಲೆಕ್ಕ. ದೇವಿಯ ಬಳೆ ಒಡೆಯುತ್ತಾರೆ. ಜನರ ಬಾಯಲ್ಲಿ ಅದು ರಂಡಿ ಹುಣ್ಣಿವಿ. ಪುಷ್ಯದ ಬನದ ಹುಣ್ಣಿಮೆ ದಾಟಿ ಮಾಘದ ಭರತ ಹುಣ್ಣಿಮೆ ಬಂದರೆ ಗಂಡ ಎದ್ದ, ಎಲ್ಲಮ್ಮ ಮತ್ತೆ ಮುತ್ತೈದೆ. ದೇವಿಯ ಸಾಡೇಸಾತಿ ಎರಡೇ ತಿಂಗಳು! ಭಂಡಾರ ಹಚ್ಚಿಕೊಂಡು ‘ಉಧೋ ಉಧೋ’ ಎನ್ನುತ್ತ ಗುಡ್ಡ ಹತ್ತುವವರಲ್ಲಿ ಬೋಳುಗೈಯವರೂ ಇರುತ್ತಾರೆ. ಅವರ ಮಾಘ ಬಂದಿಲ್ಲ.

ಬಳೆಗಾರರಿಗೆ ಭರತ ಹುಣ್ಣಿಮೆ ಸುಗ್ಗಿ. ಹಸಿರು ಗಾಜಿನ ಬಳೆ ಏರಿಸುವುದು ಸಣ್ಣ ಕಸುಬಲ್ಲ: ಹೆಬ್ಬೆರಳ ಬುಡ ಒತ್ತಿ, ಅಂಗೈ ಮಡಚಿ, ಮಾತಿಗೆಳೆದು, ಕೈ ಸಡಿಲಾದ ಗಳಿಗೆ ನೋಡಿ ಜಾರಿಸಬೇಕು. ಡಜನ್ನಿಗೆ ಎರಡು ಚಟ್ಟೆನ್ನುವುದು ಇದ್ದದ್ದೇ. ಆಗಲೂ ಬಳೆ ಒಡೆಯಿತು ಎನ್ನುವುದಿಲ್ಲ, ‘ಬಳಿ ಹೆಚ್ಚಾತು’ ಎನ್ನುತ್ತಾರೆ. ಬಳೆಗಾರ ಚೂರು ಬದಿಗೆ ಸರಿಸಿ ಇನ್ನೊಂದು ಎತ್ತಿಕೊಳ್ಳುತ್ತಾನೆ.