ಹಳೇ ಪಿಕಪ್‌ಗೆ ಹೊಸ ಎಂಜಿನ್

ಅರಕಲಗೂಡಿನ ಆಲೂಗಡ್ಡೆ, ಚನ್ನರಾಯಪಟ್ಟಣದ ತೆಂಗಿನಕಾಯಿ ಹೊತ್ತು ಸವೆದ ನಮ್ಮ ಪಿಕಪ್‌ಗೆ ಟರ್ಬೊ ಎಂಜಿನ್ ಹಾಕಿಸಬೇಕಂತೆ ನಮ್ಮನೆಯವರಿಗೆ. ಅಡವಿಡೋದು ಮಾತ್ರ ನನ್ನ ಬಳೆ! ಅದಕ್ಕೇ ನಾನೂ ವಿಚಾರಿಸಿದೆ.

ಟರ್ಬೊ ಅಂದರೆ ಒಲೆಗೆ ಊದುಗೊಳವೆ ಇದ್ದ ಹಾಗೆ, ಸೋದರಿಯರೇ. ಹೊರಹೋಗುವ ಹೊಗೆಯ ರಭಸಕ್ಕೇ ಚಕ್ರ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಉರಿ ಜೋರಾದರೆ ಪಾತ್ರೆಯೂ ಗಟ್ಟಿಯಿರಬೇಡವೇ? ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್, ಬ್ರೇಕು ಎಲ್ಲವೂ ಅದನ್ನು ತಡೆಯಬೇಕು. ಆ ಖರ್ಚನ್ನೂ ಸೇರಿಸಿ ಹೊಳೆನರಸೀಪುರದ ಮೆಕ್ಯಾನಿಕ್ ಲೆಕ್ಕ ಬರೆದುಕೊಡಲಿ ಅಂದೆ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಬೇರೆ ಬಗೆಯ ಎಂಜಿನ್ ಕೂರಿಸುವಂತಿಲ್ಲ. ಆರ್.ಸಿ.ಯಲ್ಲಿ ಒಂದು ನಂಬರು, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬಂದೀತು. ನೀವೂ ಕೇಳಿ ನೋಡಿ: ಮೊದಲು ಹಾಸನದ ಆರ್.ಟಿ.ಓ. ಕಚೇರಿಗೆ ಅರ್ಜಿ ಹೋಗಲಿ, ಬಳೆ ಆಮೇಲೆ ಕಳಚೋಣ.