ಒಂದೂವರೆ ಗೇಣಿನ ದೂರ

ದೂರವನ್ನು ಮೈಲಿಗಲ್ಲುಗಳಿಂದ ಅಳೆಯುವ ಕಾಲ ಕಳೆದುಹೋಯಿತು. ಬೆಂಗಳೂರಿನ ತಾಯಿಯೊಬ್ಬಳನ್ನು, “ನಿಮ್ಮ ಮಗ ಎಷ್ಟು ದೂರದಲ್ಲಿದ್ದಾನೆ?” ಎಂದು ಕೇಳಿದರೆ ಆಕೆ ಕಿಲೋಮೀಟರಿನ ಲೆಕ್ಕ ಕೊಡುವುದಿಲ್ಲ. “ವಿಮಾನದಲ್ಲಿ ಒಂದು ಹಗಲು, ಒಂದು ರಾತ್ರಿ,” ಎನ್ನುತ್ತಾಳೆ.

ಈ ವಿಷಯದಲ್ಲಿ ಗೋಡೆಯ ಭೂಪಟವನ್ನು ನಂಬುವಂತಿಲ್ಲ. ಅದರ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆಯೆಳೆದವನು ಬಂಗಾಳ ಕೊಲ್ಲಿಯನ್ನು ದಾಟಿ, ಶಾಂತಸಾಗರದ ನಟ್ಟನಡುವೆ ಸಾಗುತ್ತಾನೆ. ಮೊಮ್ಮಗನ ಭೂಗೋಳದ ಮೇಲೆ ಹೂ ಕಟ್ಟುವ ದಾರವನ್ನು ಬಿಗಿಯಾಗಿ ಹಿಡಿದು ನೋಡುವ ಅಜ್ಜನಿಗಾದರೋ ಬೇರೆಯೇ ದಾರಿ ಕಾಣುತ್ತದೆ. ದಾರವು ಹಿಮಾಲಯವನ್ನೇರಿ, ಚೀನವನ್ನು ಹಾಯ್ದು, ಸೈಬೀರಿಯದ ಹಿಮವನ್ನು ಸವರಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಭೂಮಿ ದುಂಡಗಿರುವುದರಿಂದ ಇದೇ ಹತ್ತಿರದ ಹಾದಿ. 30 ಸೆಂಟಿಮೀಟರ್ ಅಡ್ಡಳತೆಯ ಗೋಳದ ಮೇಲೆ ಅದು ಒಂದೂವರೆ ಗೇಣು. ನಿಜದಲ್ಲಿ ಸುಮಾರು 14,000 ಕಿಲೋಮೀಟರ್.

2021ರ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಹಾದಿ ಹಿಡಿದು, ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ಬಂದಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳು. ವಿಮಾನವು ಇಳಿದಾಗ ಇಲ್ಲಿ ಸೋಮವಾರದ ಬೆಳಗಿನ ಜಾವ. ಹಾರಾಟದ 17 ಗಂಟೆಗೆ ಎರಡೂರುಗಳ ಗಡಿಯಾರದ 13½ ಗಂಟೆಯ ವ್ಯತ್ಯಾಸವೂ ಕೂಡಿಕೊಂಡು, ಪ್ರಯಾಣಿಕರ ಪಂಚಾಂಗದಿಂದ ಇಡೀ ಭಾನುವಾರವೇ ಆಕಾಶದಲ್ಲಿ ಕರಗಿಹೋಗಿತ್ತು!

ಇಷ್ಟು ವೇಗವು ಸಂಸಾರಗಳಿಗೆ ಸುಖವನ್ನೇ ತಂದಿದೆಯೆಂದು ಧಾರಾಳವಾಗಿ ಹೇಳಬಹುದು. ಸೊಸೆಯ ಬಾಣಂತನಕ್ಕೆಂದು ಅತ್ತೆ ಉಪ್ಪಿನಕಾಯಿ, ಚಟ್ನಿಪುಡಿಗಳ ಗಂಟಿನೊಡನೆ ಹೊರಡುತ್ತಾಳೆ. ಹಬ್ಬಕ್ಕೆ ಬಂದ ಮಗ ಹತ್ತು ದಿನವಿದ್ದು ಮರಳುತ್ತಾನೆ. ಆದರೆ ದೂರದ ನಿಜವಾದ ಅಳತೆ ತಿಳಿಯುವುದು ಇಂಥ ದಿನಗಳಲ್ಲಲ್ಲ. ಮನೆಯ ಹಿರಿಯರು ಕಣ್ಮುಚ್ಚಿದ ದಿನ.

ಹಡಗಿನ ಕಾಲದಲ್ಲಿ ಕಡಲಾಚೆಯ ಮಗನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಬರಲಾರನೆಂಬುದು ಎಲ್ಲರಿಗೂ ಗೊತ್ತಿತ್ತು. ಆ ತಿಳಿವಿನಲ್ಲಿ ದುಃಖದೊಡನೆ ಒಂದು ಬಗೆಯ ಸಮಾಧಾನವೂ ಇತ್ತು. ಈಗ ಒಂದು ಹಗಲು, ಒಂದು ರಾತ್ರಿಯೆಂಬ ಆಸೆಯುಂಟು. ರಜೆ, ಟಿಕೆಟ್ಟು, ಮತ್ತೊಂದು ಊರಿನಲ್ಲಿ ವಿಮಾನ ಬದಲಿಸುವ ಅವಸರ ಇವೆಲ್ಲ ಆ ಆಸೆಯ ಲೆಕ್ಕಕ್ಕೆ ಸೇರುವುದಿಲ್ಲ. ಬಂದು ಮುಟ್ಟದವನು ಅಂದಿನಂತೆ ದೂರದವನೆನಿಸುವುದಿಲ್ಲ, ತಡಮಾಡಿದವನೆನಿಸುತ್ತಾನೆ. ಆ ಮಾತನ್ನು ಬೇರೆ ಯಾರೂ ಆಡದಿದ್ದರೂ ಅವನು ತನಗೆ ತಾನೇ ಆಡಿಕೊಳ್ಳುತ್ತಾನೆ.

ವಿಮಾನವು ಕಾಲವನ್ನು ಕುಗ್ಗಿಸಿತು, ನೆಲವನ್ನು ಕುಗ್ಗಿಸಲಿಲ್ಲ. ಇದನ್ನು ಬಲ್ಲ ಕೆಲವು ತಾಯಂದಿರು ಆರೋಗ್ಯವಾಗಿರುವಾಗಲೇ ಮಗನಿಗೆ ಹೇಳಿಬಿಡುತ್ತಾರೆ: “ನನ್ನ ಕೊನೆಗೆ ಓಡಿಬರಬೇಕೆಂದು ಕೊರಗಬೇಡಪ್ಪ. ಬರುವುದಾದರೆ ನಾನು ಅಡಿಗೆ ಮಾಡಿ ಬಡಿಸುವ ಹಾಗಿರುವಾಗಲೇ ಬಾ.”